ಚಳಿಗಾಲದ ರೈಲೂ ನನ್ನ ಕ್ಯಾಮರಾವೂ

ಚಳಿಗಾಲ ಬಂದಿತೆಂದರೆ ಕೆಲವರಿಗೆ ನೆಗಡಿ ಹಿಡಿಯುತ್ತದೆ. ಕೆಲವರಿಗೆ ಛಾಯಾಗ್ರಹಣದ ಹುಚ್ಚು ಹಿಡಿಯುತ್ತದೆ. ಮೊದಲನೆಯದಕ್ಕೆ ಶುಂಠಿ ಕಷಾಯವಿದೆ. ಎರಡನೆಯದಕ್ಕೆ ಇದುವರೆಗೆ ಯಾವ ವೈದ್ಯರೂ ಮದ್ದು ಕಂಡುಹಿಡಿದಂತೆ ಕಾಣೆ. ನನಗೆ ಈ ಎರಡು ವ್ಯಾಧಿಗಳೂ ಒಟ್ಟಿಗೆ ತಗುಲಿ ಮೂರು ವರ್ಷಗಳಾದುವು. ಅದಕ್ಕೆ ಕಾರಣವೂ ಒಂದೇ: ಟೇಕಲ್ ಸ್ಟೇಷನ್ನಿನಲ್ಲಿ ಬೆಳಗಿನ ಜಾವ ರೈಲಿಗಾಗಿ ಕಾಯುವುದು.

ಈ ಸಂಚಿಕೆಯಲ್ಲಿ ನನ್ನದೊಂದು ಛಾಯಾಚಿತ್ರ ಅಚ್ಚಾಗಬೇಕಾಗಿದ್ದಿತು. ನಮ್ಮ ಕಾಲೇಜಿನ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂದಿದ್ದುದರಿಂದ ಸಂಪಾದಕ ಮಂಡಲಿಯವರು ಅದಕ್ಕಾಗಿ ಒಂದು ಪುಟವನ್ನೇ ಮೀಸಲಿಟ್ಟಿದ್ದರು. ನಾನು ಅದನ್ನು ಹಿಂದಕ್ಕೆ ಪಡೆದೆ. ‘ಏನಪ್ಪಾ, ಇಷ್ಟು ಬೇಗ ದೊಡ್ಡ ಮನುಷ್ಯನಾಗಿಬಿಟ್ಟೆಯಾ?’ ಎಂದು ಮಿತ್ರರು ಹಾಸ್ಯ ಮಾಡಿದರು. ಕಾರಣ ಹೇಳದೆ ಪುಟವನ್ನು ಬರಿದು ಮಾಡುವುದು ಸರಿಯಲ್ಲವೆಂದು ಅಧ್ಯಾಪಕರು ಹೇಳಿದರು. ಆ ಕಾರಣವನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ನಮ್ಮ ರೈಲಿನ ವಿಷಯ. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ಹಳಿ 1864ರಷ್ಟು ಹಳೆಯದು. ಅದರ ನಡುವೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಕೋಲಾರದ ಚಿನ್ನದ ಗಣಿಗಳಿಗಾಗಿ ಒಂದು ಕವಲು ಹಾಕಿದರು. ಅದು ಆದುದು 1894ರಲ್ಲಿ. ಗಣಿಗೆ ಬೇಕಾದ ಸಾಮಾನುಗಳನ್ನೂ ಜನರನ್ನೂ ಒಳಕ್ಕೆ ಸಾಗಿಸುವುದಕ್ಕೆ ಹಾಕಿದ ಹಳಿ ಅದು. ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಗಳನ್ನು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದರು. ಅಂದಿನಿಂದ ಅದೇ ಹಳಿಯ ಮೇಲೆ ಜನ ಹೊರಕ್ಕೆ ಹೋಗತೊಡಗಿದರು. ಅಜ್ಜ ಗಣಿಗೆ ಇಳಿಯುತ್ತಿದ್ದ ಹೊತ್ತಿಗೆ ಮೊಮ್ಮಗಳು ರೈಲು ಹತ್ತುತ್ತಾಳೆ. ಬೆಂಗಳೂರಿನಲ್ಲಿ ಕೆಲಸ ಮಾಡಿ ರಾತ್ರಿ ಹಿಂದಿರುಗುತ್ತಾಳೆ. ಕಾರ್ಖಾನೆಯವರು, ಆಸ್ಪತ್ರೆಯ ಆಯಾಗಳು, ಕಚೇರಿಗಳಲ್ಲಿ ಕಸ ಗುಡಿಸುವವರು, ಅಂಗಡಿಯ ಲೆಕ್ಕ ಬರೆಯುವವರು, ನನ್ನಂಥ ವಿದ್ಯಾರ್ಥಿಗಳು, ಹೂವಿನ ಮೂಟೆಯವರು, ಎಲ್ಲರಿಗೂ ಇದೊಂದೇ ವಾಹನ. ಈಗ ಓಡುವುದು ವಿದ್ಯುತ್ತಿನ ಮೆಮು ಗಾಡಿ. ಆದರೂ ನಮ್ಮ ಊರಿನವರ ಬಾಯಲ್ಲಿ ಅದು ಇನ್ನೂ ‘ಪ್ಯಾಸೆಂಜರ್’ ಆಗಿಯೇ ಉಳಿದಿದೆ.

ಇಂಥ ರೈಲಿನ ಚಿತ್ರವನ್ನು ಚಳಿಗಾಲದಲ್ಲಿಯೇ ಏಕೆ ತೆಗೆಯಬೇಕು ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿದೆ. ಡಿಸೆಂಬರಿನಲ್ಲಿ ಸೂರ್ಯನು ನೇರವಾಗಿ ಪೂರ್ವದಲ್ಲಿ ಹುಟ್ಟದೆ, ದಕ್ಷಿಣದ ಕಡೆಗೆ ಸರಿದು ಹುಟ್ಟುತ್ತಾನೆ. ನಮ್ಮ ರೈಲು ಬಂಗಾರಪೇಟೆಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ನೇರವಾಗಿ ಪಶ್ಚಿಮಕ್ಕೆ ಓಡುತ್ತದೆ. ಆದುದರಿಂದ ಚಳಿಗಾಲದ ಬೆಳಗಿನ ಬಿಸಿಲು ಹಿಂದಿನಿಂದ, ಎಡಗಡೆಯ ಕಿಟಕಿಗಳ ಮೂಲಕ, ಬಹಳ ತಗ್ಗಿನಿಂದ ಓರೆಯಾಗಿ ಒಳಕ್ಕೆ ಬರುತ್ತದೆ. ಆರೂವರೆಯ ಸುಮಾರಿಗೆ ಹುಟ್ಟುವ ಈ ಬಿಸಿಲು ಎದುರಿನ ಬೆಂಚಿನವರ ಮುಖವನ್ನೂ ಕೈಯನ್ನೂ ಹಳದಿಯಾಗಿ ಬೆಳಗಿ, ಉಳಿದುದನ್ನೆಲ್ಲ ಕತ್ತಲೆಯಲ್ಲಿ ಬಿಡುತ್ತದೆ. ಬೇಸಗೆಯಲ್ಲಾದರೆ ಸೂರ್ಯನು ಉತ್ತರದ ಕಡೆಗೆ ಸರಿದು ಬಲಗಡೆಯ ಕಿಟಕಿಗಳಿಗೆ ಬರುತ್ತಾನೆ. ಬಂದವನು ಬಹಳ ಬೇಗ ಮೇಲೇರಿಬಿಡುತ್ತಾನೆ. ಮೂರು ವರ್ಷ ಎಡಗಡೆ ಬಲಗಡೆ ಕುಳಿತು ನಾನು ಕಲಿತ ಖಗೋಳ ಶಾಸ್ತ್ರ ಇಷ್ಟೇ.

ಹೊರಗಿನ ನೋಟವೂ ಆಗ ಸೊಗಸು. ಟೇಕಲ್ಲಿನ ಬೆಟ್ಟಗಳ ಮೇಲೆ ಒಂದರ ಮೇಲೊಂದು ಪೇರಿಸಿದಂತಿರುವ ಬಂಡೆಗಳು ಮಂಜಿನಲ್ಲಿ ಅರ್ಧ ಮುಳುಗಿರುತ್ತವೆ. ಮಾಲೂರಿನ ಕಡೆಗೆ ಬಂದರೆ ನೀಲಗಿರಿ ತೋಪುಗಳು, ಇಟ್ಟಿಗೆ ಹಂಚುಗಳ ಕಾರ್ಖಾನೆಗಳ ಚಿಮಣಿಗಳು. ಮಂಜಿನೊಳಗಿನಿಂದ ಮೊದಲು ರೈಲಿನ ದೀಪ, ಆಮೇಲೆ ಅದರ ಸದ್ದು, ಎಲ್ಲಕ್ಕೂ ಕೊನೆಗೆ ರೈಲು ಬರುತ್ತದೆ. ದೆಹಲಿಯವರ ಚಳಿಯ ಮುಂದೆ ನಮ್ಮದು ಚಳಿಯೇ ಅಲ್ಲದಿರಬಹುದು. ಆದರೆ ಬೆಳಗಿನ ಜಾವ ಪ್ಲಾಟ್‌ಫಾರಂ ಕಲ್ಲಿನ ಮೇಲೆ ಅರ್ಧ ಗಂಟೆ ಕುಳಿತವರು ಹಾಗೆ ಹೇಳಲಾರರು.

ಇದರಲ್ಲಿ ಕಷ್ಟಗಳೂ ಉಂಟು. ಕ್ಯಾಮರಾದ ಅಳತೆಗೆ ಬಿಳಿಯ ಮಂಜು ಬೂದು ಬಣ್ಣವಾಗಿ ಕಾಣುತ್ತದೆ. ಅದರ ಮಾತನ್ನು ನಂಬದೆ ಸ್ವಲ್ಪ ಹೆಚ್ಚು ಬೆಳಕನ್ನು ಕೊಡಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ರೈಲು ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ 28 ಸೆಂಟಿಮೀಟರ್, ಎಂದರೆ ಒಂದು ಗೇಣಿಗಿಂತ ಹೆಚ್ಚು ಮುಂದಕ್ಕೆ ಹೋಗಿರುತ್ತದೆ. ಐನೂರನೆಯ ಒಂದು ಭಾಗದಲ್ಲಿ ಸಹ ಎರಡು ಬೆರಳಿನಷ್ಟು ಚಲಿಸಿರುತ್ತದೆ. ಅಷ್ಟು ಚುರುಕಾಗಿ ತೆಗೆಯಲು ಆ ಹೊತ್ತಿನಲ್ಲಿ ಬೆಳಕು ಸಾಲದು. ಇನ್ನು ಹೊರಗೆ ತಣ್ಣಗಾದ ಕ್ಯಾಮರಾವನ್ನು ಜನ ಕಿಕ್ಕಿರಿದ ಡಬ್ಬಿಯೊಳಕ್ಕೆ ತಂದರೆ ಎಲ್ಲರ ಉಸಿರೂ ಅದರ ಗಾಜಿನ ಮೇಲೆ ಕೂತುಬಿಡುತ್ತದೆ. ಒರಸುವ ಹೊತ್ತಿಗೆ ಮಾಲೂರು ಬಂದಿರುತ್ತದೆ. ಆದರೆ ಈ ಕಷ್ಟಗಳೆಲ್ಲ ಅಭ್ಯಾಸದಿಂದ ನೀಗುವಂಥವು. ನನಗೆ ಎದುರಾದ ಕಷ್ಟ ಬೇರೆ ಜಾತಿಯದು.

ನಮ್ಮ ಡಬ್ಬಿಯಲ್ಲಿ ಎಡಗಡೆಯ ಮೂರನೆಯ ಕಿಟಕಿಯ ಪಕ್ಕದಲ್ಲಿ ಒಬ್ಬ ಹೆಂಗಸು ಕೂರುತ್ತಿದ್ದರು. ಗಣಿಯ ಕಡೆಯವರು. ಬೆಂಗಳೂರಿನ ದೊಡ್ಡ ಕಟ್ಟಡವೊಂದರಲ್ಲಿ ನೆಲ ಒರಸುವ ಕೆಲಸ. ನಾಲ್ಕು ಗಂಟೆಗೆ ಮುಂಚೆಯೇ ಎದ್ದು ಅಡುಗೆ ಮಾಡಿ, ಮಕ್ಕಳಿಗೆ ಡಬ್ಬಿ ಕಟ್ಟಿಟ್ಟು ಹೊರಡುತ್ತಾರೆಂದು ಪಕ್ಕದವರೊಡನೆ ಅವರು ಆಡಿದ ಮಾತಿನಿಂದಲೇ ನನಗೆ ತಿಳಿದಿದ್ದಿತು. ನಾನು ಟೇಕಲ್ಲಿನಲ್ಲಿ ಹತ್ತುವ ಹೊತ್ತಿಗೆ ಅವರು ಶಾಲು ಹೊದೆದು, ಕಿಟಕಿಗೆ ತಲೆಯಾನಿಸಿ ಗಾಢವಾಗಿ ನಿದ್ರಿಸುತ್ತಿದ್ದರು. ಕಂಟೋನ್‌ಮೆಂಟ್ ಸ್ಟೇಷನ್ ಹತ್ತಿರವಾದೊಡನೆ ಯಾರೂ ಎಬ್ಬಿಸದಿದ್ದರೂ ಎಚ್ಚರವಾಗುತ್ತಿದ್ದರು.

ಕಳೆದ ಡಿಸೆಂಬರಿನ ಒಂದು ದಿನ ಮಾಲೂರು ದಾಟಿದೊಡನೆ ಬಿಸಿಲು ಅವರ ಮುಖದ ಮೇಲೆ ಬಿತ್ತು. ಅವರ ಉಸಿರಿನಿಂದ ಗಾಜಿನ ಮೇಲೆ ಅಂಗೈಯಗಲ ಮಂಜು ಕಟ್ಟಿತ್ತು. ತೊಡೆಯ ಮೇಲೆ ಊಟದ ಚೀಲ. ಅದರ ಮೇಲೆ ಸೋಪಿನ ನೀರಿನಲ್ಲಿ ಬಿರಿದ ಎರಡು ಕೈಗಳು. ಸೋದರಮಾವನಿಂದ ಎರವಲು ತಂದ ಕ್ಯಾಮರಾ ನನ್ನ ಮಡಿಲಿನಲ್ಲಿದ್ದಿತು. ಸದ್ದಾಗದ ಹಾಗೆ ಒಂದೇ ಒಂದು ಚಿತ್ರ ತೆಗೆದೆ. ಅದಕ್ಕಿಂತ ಒಳ್ಳೆಯ ಚಿತ್ರವನ್ನು ನಾನು ಅದಕ್ಕೆ ಮೊದಲೂ ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ. ಅದಕ್ಕೆ ‘ಶ್ರಮಜೀವಿಯ ಸ್ವಪ್ನ’ ಎಂದು ಹೆಸರಿಟ್ಟೆ. ಈಗ ಆ ಹೆಸರನ್ನು ನೆನೆದರೆ ನನಗೇ ನಾಚಿಕೆಯಾಗುತ್ತದೆ. ಪ್ರದರ್ಶನದಲ್ಲಿ ಎಲ್ಲರೂ ಹೊಗಳಿದರು. ಬಹುಮಾನವಾಗಿ ಒಂದು ಪುಸ್ತಕ ಬಂತು.

ಉಬ್ಬಿಹೋಗಿದ್ದ ನಾನು ಮರುದಿನ ಕಂಟೋನ್‌ಮೆಂಟಿನಲ್ಲಿ ಅವರು ಇಳಿಯುವುದಕ್ಕೆ ಮುಂಚೆ ಫೋನಿನಲ್ಲಿದ್ದ ಪ್ರತಿಯನ್ನು ತೋರಿಸಿದೆ. ‘ಅಕ್ಕಾ, ನೋಡಿ, ನಿಮ್ಮ ಫೋಟೋಕ್ಕೆ ಬಹುಮಾನ ಬಂದಿದೆ’ ಎಂದೆ.

ಅವರು ಬಹಳ ಹೊತ್ತು ನೋಡಿದರು. ‘ಯಾರಿದು, ನಾನಾ? ಯಾವಾಗ ತೆಗ್ದೆ ತಂಬಿ?’

‘ಮೊನ್ನೆ ಅಕ್ಕಾ, ನೀವು ನಿದ್ದೆ ಮಾಡ್ತಿದ್ದಾಗ.’

‘ಎಷ್ಟು ಜನ ನೋಡಿದ್ರು?’

‘ಇಡೀ ಕಾಲೇಜೇ ನೋಡಿತು’ ಎಂದು ಹೆಮ್ಮೆಯಿಂದ ಹೇಳಿದೆ.

‘ಬಾಯಿ ತಕ್ಕೊಂಡು ಮಲಗಿದೀನಲ್ಲಪ್ಪಾ. ನಮ್ಮ ಸೂಪರ್‌ವೈಸರ್ ಕಣ್ಣಿಗೆ ಬಿದ್ರೆ, ಇವಳು ಕೆಲಸದಲ್ಲೂ ಹಿಂಗೇ ಮಲಗ್ತಾಳೆ ಅಂತಾನೆ. ಒಂದು ಮಾತು ಕೇಳಿದ್ದಿದ್ರೆ ಎದ್ದು ತಲೆಯಾದ್ರೂ ಬಾಚ್ಕೊಂಡಿರ್ತಿದ್ದೆ’ ಎಂದರು. ಕೋಪದಿಂದ ಹೇಳಲಿಲ್ಲ. ಹೇಳಿ ಇಳಿದುಹೋದರು.

ಮಾರನೆಯ ದಿನದಿಂದ ಅವರು ನಿದ್ರಿಸಲಿಲ್ಲ. ನಾನು ಟೇಕಲ್ಲಿನಲ್ಲಿ ಹತ್ತಿದೊಡನೆ ಎದ್ದು ನೆಟ್ಟಗೆ ಕೂರುತ್ತಿದ್ದರು. ಕೆಲವು ದಿನ ಶಾಲನ್ನು ಮುಖದ ಮೇಲಕ್ಕೂ ಎಳೆದುಕೊಂಡರು. ನಾನು ಕ್ಷಮೆ ಕೇಳಿದೆ. ‘ಇರ್ಲಿ ಬಿಡು ತಂಬಿ’ ಎಂದರು. ಆದರೂ ನಿದ್ರಿಸಲಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಅವರ ಒಂದು ಗಂಟೆಯನ್ನು ನಾನು ಕಿತ್ತುಕೊಂಡಿದ್ದೆ.

ಈ ಸಂಗತಿಯನ್ನು ಮಿತ್ರರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ಕೇಳಿಕೊಂಡು ತೆಗೆದ ಚಿತ್ರ ಚಿತ್ರವೇ ಅಲ್ಲ, ಅದು ಬರಿಯ ಗುರುತಿನ ಚೀಟಿ ಎಂಬುದು ಅವರ ವಾದ. ಕ್ಯಾಮರಾ ಕಂಡೊಡನೆ ಮನುಷ್ಯನ ಮುಖ ಗೋಡೆಯಾಗುತ್ತದೆ. ಸತ್ಯ ಬೇಕಾದರೆ ಕದ್ದೇ ತೆಗೆಯಬೇಕು ಎಂದರು. ಅದಕ್ಕೆ ದೊಡ್ಡವರ ನಿದರ್ಶನವನ್ನೂ ಕೊಟ್ಟರು. ಅಮೆರಿಕದ ವಾಕರ್ ಎವನ್ಸ್ ಎಂಬ ಪ್ರಸಿದ್ಧ ಛಾಯಾಗ್ರಾಹಕನು 1938ರಿಂದ 1941ರವರೆಗೆ ನ್ಯೂಯಾರ್ಕಿನ ನೆಲದಡಿಯ ರೈಲುಗಳಲ್ಲಿ ಪ್ರಯಾಣಿಕರ ಚಿತ್ರಗಳನ್ನು ತೆಗೆದ. ಚಳಿಗಾಲದ ದಪ್ಪ ಕೋಟಿನೊಳಗೆ ಪುಟ್ಟ ಕ್ಯಾಮರಾವನ್ನು ಅಡಗಿಸಿಕೊಂಡು, ಗುಂಡಿಗಳ ಸಂದಿನಿಂದ ಅದರ ಕಣ್ಣನ್ನು ಹೊರಗಿಟ್ಟು, ತೋಳಿನೊಳಗೆ ಇಳಿಬಿಟ್ಟ ತಂತಿಯಿಂದ ಅದನ್ನು ನಡೆಸುತ್ತಿದ್ದ. ಎದುರು ಕುಳಿತವರಿಗೆ ತಮ್ಮ ಚಿತ್ರ ತೆಗೆಯುತ್ತಿದ್ದಾರೆಂಬುದೇ ತಿಳಿಯದು. ದಣಿದವರು, ಯೋಚನೆಯಲ್ಲಿರುವವರು, ಏನನ್ನೂ ನೋಡದೆ ನೋಡುತ್ತಿರುವವರು. ಆ ಮುಖಗಳಿಗೆ ಸಾಟಿಯಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಆ ನಿದರ್ಶನವನ್ನು ಪೂರ್ತಿಯಾಗಿ ಹೇಳಬೇಕು. ಎವನ್ಸ್ ಆ ಚಿತ್ರಗಳನ್ನು ಪುಸ್ತಕವಾಗಿ ಹೊರತಂದುದು 1966ರಲ್ಲಿ; ತೆಗೆದ ಇಪ್ಪತ್ತೈದು ವರ್ಷಗಳ ಮೇಲೆ. ನಾವು ಬೆಳಿಗ್ಗೆ ತೆಗೆದುದನ್ನು ಕಾಲೇಜಿನ ಗೇಟು ಸೇರುವುದಕ್ಕೆ ಮುಂಚೆ ಊರಿಗೆಲ್ಲ ಹಂಚಿರುತ್ತೇವೆ. ಚಿತ್ರ ಅದೇ ರೀತಿಯದಾದರೂ ಅದರಿಂದಾಗುವ ಪರಿಣಾಮ ಅದೇ ರೀತಿಯದಲ್ಲ. ಅಂದಿನ ಪ್ರಯಾಣಿಕನ ಮೇಲಧಿಕಾರಿ ಆ ಪುಸ್ತಕ ನೋಡುವ ಹೊತ್ತಿಗೆ ಪ್ರಯಾಣಿಕನಿಗೆ ನಿವೃತ್ತಿಯಾಗಿರಬಹುದು. ಇಂದಿನ ಸೂಪರ್‌ವೈಸರ್ ಮಧ್ಯಾಹ್ನದ ಊಟಕ್ಕೆ ಮೊದಲೇ ನೋಡಬಲ್ಲ.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ನನ್ನ ಅಭಿಪ್ರಾಯವೆಲ್ಲ ಇದರ ಮೇಲೆ ನಿಂತಿದೆ. ಬೀದಿಯಲ್ಲಿ ಚಿತ್ರ ತೆಗೆಯುವವನು ಒಂದು ನೆವ ಹೇಳಬಹುದು: ‘ಈ ಮನುಷ್ಯ ಈಗ ಕಂಡ, ಇನ್ನೊಂದು ಗಳಿಗೆಗೆ ಮರೆಯಾಗುತ್ತಾನೆ, ಕೇಳುತ್ತ ಕೂತರೆ ಚಿತ್ರವೂ ಹೋಯಿತು, ಮನುಷ್ಯನೂ ಹೋದ’ ಎಂದು. ಜಾತ್ರೆಯಲ್ಲಿ ತೆಗೆಯುವವನೂ, ದೂರದ ಊರಿಗೆ ಪ್ರವಾಸ ಹೋದವನೂ ಹಾಗೆ ಹೇಳಬಹುದು. ಸೀಸನ್ ಟಿಕೆಟ್ಟಿನವನಿಗೆ ಆ ನೆವವಿಲ್ಲ. ಅವನ ಎದುರಿನ ಬೆಂಚಿನಲ್ಲಿ ಇಂದು ಕುಳಿತವರು ನಾಳೆಯೂ ಕುಳಿತಿರುತ್ತಾರೆ, ಮುಂದಿನ ತಿಂಗಳೂ ಕುಳಿತಿರುತ್ತಾರೆ. ಒಬ್ಬರು ಒಂದು ದಿನ ಬಾರದಿದ್ದರೆ ‘ಮೈಗೆ ಹುಷಾರಿಲ್ಲವೋ ಏನೋ’ ಎಂದು ಡಬ್ಬಿಯೇ ಮಾತಾಡಿಕೊಳ್ಳುತ್ತದೆ. ಇದು ಬೀದಿಯಲ್ಲ, ಚಕ್ರಗಳ ಮೇಲಿರುವ ಒಂದು ವಠಾರ. ವಠಾರದಲ್ಲಿ ಪಕ್ಕದ ಮನೆಯವರು ಮಲಗಿದ್ದಾಗ ಕಿಟಕಿಯಿಂದ ಇಣುಕುವವನನ್ನು ನಾವು ಕಲಾವಿದನೆಂದು ಕರೆಯುವುದಿಲ್ಲ.

ಇಂದು ಕೇಳಿದರೆ ಮುಖ ಗೋಡೆಯಾಗುತ್ತದೆ, ನಿಜ. ಮೊದಲ ದಿನ ಎಲ್ಲರೂ ಮದುವೆಯ ಫೋಟೋಕ್ಕೆ ನಿಂತಂತೆ ನಿಲ್ಲುತ್ತಾರೆ. ಐದನೆಯ ದಿನ ನಗುತ್ತಾರೆ. ಹದಿನೈದನೆಯ ದಿನ ನಿಮ್ಮನ್ನೂ ನಿಮ್ಮ ಕ್ಯಾಮರಾವನ್ನೂ ಮರೆತು ಅವರೆಕಾಯಿ ಸುಲಿಯುತ್ತಿರುತ್ತಾರೆ. ನನ್ನ ಕ್ಷಮಾಪಣೆಯ ಅನಂತರ ನಾನು ಬೇರೆಯವರನ್ನು ಕೇಳಿ ನೋಡಿದೆ. ಇಸ್ಪೀಟಿನ ಗುಂಪಿನವರು ಒಪ್ಪಿದರು. ಮಾಲೂರಿನ ಹೂವಿನವರು ಒಪ್ಪಿದರು. ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿ ‘ಬೇಡಣ್ಣ’ ಎಂದಳು, ಅಲ್ಲಿಗೆ ಮುಗಿಯಿತು. ಒಪ್ಪಿದವರಿಗೆ ಒಂದೊಂದು ಪ್ರತಿ ತೊಳೆಸಿ ಕೊಟ್ಟೆ. ಬಸ್ಸಿನ ಹಣವನ್ನು ಉಳಿಸಿ ಮಾಡಿದ ಖರ್ಚು ಅದು. ಆ ಚಿತ್ರಗಳಿಗೆ ಬಹುಮಾನ ಬರುತ್ತದೆಂದು ನಾನು ಹೇಳುವುದಿಲ್ಲ. ‘ಶ್ರಮಜೀವಿಯ ಸ್ವಪ್ನ’ದ ಮುಂದೆ ಅವು ಸಪ್ಪೆಯೇ. ಕೇಳಿ ತೆಗೆಯುವುದರಲ್ಲಿ ನಷ್ಟವೇ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನಷ್ಟವುಂಟು. ಆದರೆ ಆ ನಷ್ಟವನ್ನು ತೆಗೆಯುವವನು ಹೊರಬೇಕೇ ಹೊರತು ನಿದ್ರಿಸುವವಳಲ್ಲ.

ಹಾಗಾದರೆ ಜನರ ಗೊಡವೆಯೇ ಬೇಡ, ಬರಿಯ ರೈಲನ್ನು ತೆಗೆಯೋಣ ಎನ್ನುವ ಮಿತ್ರರೂ ಇದ್ದಾರೆ. ಅದನ್ನೂ ನಾನು ಪೂರ್ತಿಯಾಗಿ ಒಪ್ಪಲಾರೆ. ನಮ್ಮ ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲೆ ನಿತ್ಯ ಓಡುತ್ತಿದ್ದ ಉಗಿಯ ಎಂಜಿನುಗಳು 1995ರಲ್ಲಿ ನಿಂತುವು. ಅವುಗಳ ಚಿತ್ರಗಳಿಗೆ ಕೊರತೆಯಿಲ್ಲ. ಹೊಗೆಯುಗುಳುತ್ತ ಸೇತುವೆ ದಾಟುವ ಎಂಜಿನನ್ನು ಎಷ್ಟು ಕ್ಯಾಲೆಂಡರುಗಳಲ್ಲಿ ನೋಡಿಲ್ಲ! ಆದರೆ ಅದೇ ರೈಲಿನ ಮೂರನೆಯ ದರ್ಜೆಯಲ್ಲಿ ಗಣಿಗೆ ಹೋಗುತ್ತಿದ್ದವರು ಚಳಿಗೆ ಏನು ಹೊದೆಯುತ್ತಿದ್ದರು, ಬುತ್ತಿಯನ್ನು ಯಾವುದರಲ್ಲಿ ಒಯ್ಯುತ್ತಿದ್ದರು ಎಂಬುದನ್ನು ತೋರಿಸುವ ಚಿತ್ರಕ್ಕಾಗಿ ಹುಡುಕಿದರೆ ನನಗೆ ಸಿಕ್ಕಿದುದು ಬಹಳ ಕಡಮೆ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಇದು ದೊಡ್ಡ ಕೊರತೆಯೆಂದು ತೋರುತ್ತದೆ. ನಾಳೆ ಈ ಮೆಮು ಗಾಡಿಯೂ ಹೋಗಿ ಇನ್ನೊಂದು ಬಂದಾಗ, ಗಣಿ ಮುಚ್ಚಿದ ಮೇಲೆ ಇಲ್ಲಿಯ ಜನ ಹೇಗೆ ಬದುಕಿದರೆಂದು ಕೇಳುವವರಿಗೆ ನಾವು ಏನನ್ನಾದರೂ ಬಿಟ್ಟುಹೋಗಬೇಡವೆ?

ಮುಖ ತೋರಿಸದೆಯೂ ಜನರನ್ನು ತೋರಿಸುವ ದಾರಿಗಳುಂಟು. ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1893ರ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ಚಿತ್ರವೊಂದಿದೆ. ಹಿಮ ಬಿದ್ದ ಬೀದಿಯಲ್ಲಿ ಟ್ರಾಮಿನ ಕೊನೆಯ ನಿಲ್ದಾಣ; ಬೆವರಿದ ಕುದುರೆಗಳ ಮೈಯಿಂದ ಆವಿಯೇಳುತ್ತಿದೆ; ಅವುಗಳ ಚಾಲಕ ನಮಗೆ ಬೆನ್ನು ಮಾಡಿ ಅವುಗಳ ಆರೈಕೆಯಲ್ಲಿದ್ದಾನೆ. ಆತನ ಮುಖ ಕಾಣದಿದ್ದರೂ ಆತನ ಚಳಿ ನಮಗೆ ತಾಗುತ್ತದೆ. ಬ್ರೆಜಿಲ್ ದೇಶದ ಸೆಬಾಸ್ಟಿಯಾವ್ ಸಾಲ್ಗಾಡೊ 1995ರಲ್ಲಿ ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣವನ್ನು ತೆಗೆದಾಗ ಕ್ಯಾಮರಾದ ಕಣ್ಣನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟ. ರೈಲುಗಳು ನಿಂತಿವೆ, ಇಳಿದ ಜನ ಮಾತ್ರ ಹೊಳೆಯಂತೆ ಹರಿದಿದ್ದಾರೆ. ಬೆಳಕು ಕಡಮೆಯೆಂದು ಗೊಣಗುವ ನಮಗೆ ಇದೊಂದು ಪಾಠ. ಚಳಿಗಾಲದ ಮುಂಜಾನೆ ತಾನಾಗಿಯೇ ಕೊಡುವ ಮಸುಕನ್ನು ದೋಷವೆಂದು ಏಕೆ ತಿಳಿಯಬೇಕು? ಪ್ಲಾಟ್‌ಫಾರಮ್ಮಿನ ಟೀ ಲೋಟದ ಹಬೆ, ಕಿಟಕಿಯ ಗಾಜಿನ ಮೇಲೆ ಮಗು ಬೆರಳಿನಿಂದ ಬರೆದ ಅಕ್ಷರ, ಮೇಲಿನ ಹಲಗೆಯ ಮೇಲೆ ಸಾಲಾಗಿ ಕೂತ ಊಟದ ಚೀಲಗಳು, ಇವುಗಳಿಗೆ ಯಾರ ಅಪ್ಪಣೆಯೂ ಬೇಡ, ಯಾರ ನಿದ್ದೆಯೂ ಕೆಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಿರಿಯರಿಗೆ ಒಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಮಂಜಿನಲ್ಲಿ ಬರುವ ರೈಲನ್ನು ಎದುರಿನಿಂದ ತೆಗೆಯುವ ಆಸೆಗೆ ಹಳಿಯ ಮೇಲೆ ಇಳಿಯಬೇಡಿ. ಹಾಗೆ ಅನುಮತಿಯಿಲ್ಲದೆ ಇಳಿಯುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧ. ಆದರೆ ದಂಡಕ್ಕಿಂತ ದೊಡ್ಡ ಭಯ ಬೇರೆ ಇದೆ. ಮಂಜಿನಲ್ಲಿ ನಿಮಗೆ ರೈಲು ಹೇಗೆ ತಡವಾಗಿ ಕಾಣುತ್ತದೆಯೋ ಹಾಗೆಯೇ ಅದನ್ನು ನಡೆಸುವವರಿಗೆ ನೀವೂ ತಡವಾಗಿ ಕಾಣುತ್ತೀರಿ. ನಡೆಸುವವರ ಕಣ್ಣಿಗೆ ಫ್ಲಾಷ್ ಬೆಳಕನ್ನು ಬಿಡಬೇಡಿ. ಉದ್ದನೆಯ ಕೋಲಿಗೆ ಫೋನು ಸಿಕ್ಕಿಸಿ ಮೇಲಕ್ಕೆತ್ತಬೇಡಿ. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟಿನ ವಿದ್ಯುತ್ತು ಹರಿಯುತ್ತಿರುತ್ತದೆ. ಬಾಗಿಲಿನಲ್ಲಿ ನೇತಾಡುತ್ತ ಚಿತ್ರ ತೆಗೆಯುವವನನ್ನು ನೋಡಿ ನಮ್ಮ ಡಬ್ಬಿಯ ಹಿರಿಯರೊಬ್ಬರು ‘ಇವನ ಫೋಟೋವನ್ನು ನಾಳೆ ಗೋಡೆಗೆ ಹಾಕಬೇಕಾಗುತ್ತೆ’ ಎನ್ನುತ್ತಾರೆ. ಅದು ಹಾಸ್ಯವಲ್ಲ.

ಹೀಗೆ, ಚಳಿಗಾಲದ ರೈಲಿನ ಚಿತ್ರ ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ತೆಗೆಯಲೇಬೇಕು, ಇನ್ನೂ ಹೆಚ್ಚು ಜನ ತೆಗೆಯಬೇಕು ಎಂಬುದೇ ನನ್ನ ಅಭಿಪ್ರಾಯ. ವರ್ಷದ ಉಳಿದ ಕಾಲದಲ್ಲಿ ನಮ್ಮ ರೈಲಿನವರು ಬೆಳಕಿನಲ್ಲಿ ಮನೆ ಸೇರುವುದೂ ಉಂಟು. ಡಿಸೆಂಬರು ಜನವರಿಗಳಲ್ಲಿ ಮಾತ್ರ ಕತ್ತಲೆಯಲ್ಲಿ ಹೊರಟು ಕತ್ತಲೆಯಲ್ಲಿಯೇ ಹಿಂದಿರುಗುತ್ತಾರೆ. ಅವರ ದಿನ ಎಷ್ಟು ಉದ್ದವೆಂಬುದು ಕಣ್ಣಿಗೆ ಕಾಣುವುದು ಆಗಲೇ. ಅದನ್ನು ತೋರಿಸುವುದು ಒಳ್ಳೆಯ ಕೆಲಸ. ಆದರೆ ತೋರಿಸುವವನು ಮೊದಲು ಸಹಪ್ರಯಾಣಿಕ, ಆಮೇಲೆ ಛಾಯಾಗ್ರಾಹಕ. ಈ ಕ್ರಮ ತಪ್ಪಬಾರದು.

ಮೂಲ ಪ್ರತಿಯನ್ನು ನಾನು ಅಳಿಸಿಬಿಟ್ಟಿದ್ದೇನೆ. ಅಳಿಸುವಾಗ ಸಂಕಟವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಪ್ರದರ್ಶನಕ್ಕೆ ಇಟ್ಟಿದ್ದ ದೊಡ್ಡ ಪ್ರತಿಯನ್ನು ಆ ಅಕ್ಕನವರಿಗೆ ಕೊಡಲು ಹೋದೆ. ‘ನಂಗ್ಯಾಕಪ್ಪಾ ಅದು’ ಎಂದರು. ಆಮೇಲೆ ಏನೆನ್ನಿಸಿತೋ, ಈಸಿಕೊಂಡು ಮಡಚಿ ಊಟದ ಚೀಲದ ತಳಕ್ಕೆ ಹಾಕಿದರು. ಮನೆಯಲ್ಲಿ ಅದನ್ನು ಏನು ಮಾಡಿದರೋ ನಾನು ಕೇಳಲಿಲ್ಲ.

ಈಗ ನಾನು ಟೇಕಲ್ಲಿನಲ್ಲಿ ಹಿಂದಿನ ಡಬ್ಬಿಗೆ ಹತ್ತುತ್ತೇನೆ. ಅಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಹೆಚ್ಚಾಗಿ ನಿಂತೇ ಬರುತ್ತೇನೆ. ನಮ್ಮ ಹಳೆಯ ಡಬ್ಬಿಯ ಇಸ್ಪೀಟಿನ ಮಿತ್ರರೊಬ್ಬರು ಮೊನ್ನೆ ಕಾಲೇಜಿನ ಹತ್ತಿರ ಸಿಕ್ಕಿದ್ದರು. ಮೂರನೆಯ ಕಿಟಕಿಯ ಅಕ್ಕ ಹೇಗಿದ್ದಾರೆಂದು ಕೇಳಿದೆ. ‘ಅವರಿಗೇನು, ಮಾಲೂರು ಬಂದಿದ್ದೂ ಗೊತ್ತಾಗಲ್ಲ, ಕಂಟೋನ್‌ಮೆಂಟ್‌ವರೆಗೂ ಒಂದೇ ನಿದ್ದೆ’ ಎಂದರು.